ಹಿರಿಯರ ಹೆಸರಿನ ತಾಟುಗಳು

ಕೊಟ್ಟೂರಿನ ಪಾತ್ರೆ ಅಂಗಡಿಗಳ ಸಾಲು ಮುಗಿಯುವ ಮೂಲೆಯಲ್ಲಿ ನಾಗಲಿಂಗಮ್ಮ ಕೂರುತ್ತಾಳೆ. ಮುಂದೆ ಒಂದು ಮಣೆ, ಕೈಯಲ್ಲಿ ಕರ್ರೆನ್ನುವ ಪುಟ್ಟ ಮಿಷಿನ್ನು. ಕೊಡ ಕೊಂಡವರಾಗಲಿ, ಮದುವೆಗೆ ಮುಯ್ಯಿ ಮಾಡಲು ಕುಕ್ಕರು ಕೊಂಡವರಾಗಲಿ, ಕೊನೆಗೆ ಅವಳ ಮುಂದೆ ಬಂದು ನಿಲ್ಲಲೇಬೇಕು. ಹೆಸರು ಹಾಕಿಸದ ಪಾತ್ರೆ ಈ ಸೀಮೆಯಲ್ಲಿ ಮನೆ ಸೇರುವುದಿಲ್ಲ. ನಮ್ಮ ಜನಕ್ಕೆ ಹೆಸರಿನ ಹುಚ್ಚು ಎಷ್ಟೆಂದರೆ, ಗುಡಿಗೆ ಟ್ಯೂಬ್‌ಲೈಟು ಕೊಟ್ಟವರು ಅದರ ಮೇಲೆ ಅಜ್ಜ ಮುತ್ತಜ್ಜರ ಹೆಸರೆಲ್ಲ ಬರೆಸಿ ದೇವರಿಗೆ ಬೆಳಕೇ ಬೀಳದಂತೆ ಮಾಡುತ್ತಾರೆ.

ಆ ಮಿಷಿನ್ನು ಮೊದಲು ಅವಳ ಗಂಡ ಹಾಲಸ್ವಾಮಿಯದು. ಕೊರೊನಾದ ಎರಡನೇ ವರ್ಷ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಕಾರ್ಯ ಮುಗಿದ ಮೇಲೆ ನಾಗಲಿಂಗಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ನೆಟ್ಟಗೆ ಬಂದು ಅದೇ ಮಣೆಯ ಮುಂದೆ ಕೂತಳು. ಹೆಂಗಸು ಹೀಗೆ ಬಜಾರದಲ್ಲಿ ಕೂರುವುದೇ ಎಂದು ಕೇಳಿದವರಿಗೆ, "ನಿಂತ್ರ ಕಾಲು ನೋಯ್ತಾವ, ಅದಕ್ಕ ಕುಂತೀನಿ" ಎಂದಳು. ಮತ್ತೆ ಯಾರೂ ಕೇಳಲಿಲ್ಲ.

ಇಂಥವಳು ಊರ ಕಸದ ಗೋಜಿಗೆ ಬಿದ್ದದ್ದು ಒಂದು ಕುರಿಯಿಂದ. ಅವಳ ಬಾಲ್ಯದ ಗೆಳತಿ ಮರುಳಸಿದ್ದಮ್ಮನ ಮನೆಯವರು ಕುರಿ ಸಾಕಿದವರು. ಕಲ್ಯಾಣಮಂಟಪದ ಹಿಂದಿನ ಬಯಲಲ್ಲಿ ಅವರ ಕುರಿಗಳು ಮೇಯುತ್ತವೆ. ಒಂದು ದಿನ ಮರುಳಸಿದ್ದಮ್ಮ ಬಂದವಳೇ ಮಾತಿಲ್ಲದೆ ಚೀಲ ಬಿಚ್ಚಿ ಮಣೆಯ ಮೇಲೆ ಏನನ್ನೋ ಕೆಡವಿದಳು. ತೆಂಗಿನಕಾಯಿ ಗಾತ್ರದ ಒಂದು ಗಂಟು. ಪ್ಲಾಸ್ಟಿಕ್ ಹಾಳೆ, ಲೋಟದ ಚೂರು, ಚಮಚದ ತುಂಡು ಎಲ್ಲ ಹೊಸೆದುಕೊಂಡು ನಾರುತ್ತಿತ್ತು.

"ಏನಬೇ ಇದು ಸಿದ್ದವ್ವ?"

"ನಮ್ಮ ಗಬ್ಬದ ಕುರಿ ಹೊಟ್ಟ್ಯಾಗಿಂದು. ಅನ್ನದ ವಾಸನಿಗಿ ತಾಟು ಸಮೇತ ತಿಂದೈತಿ. ಹೊಟ್ಟಿ ಉಬ್ಬಿ ಸತ್ತೋತು ನಾಗಕ್ಕ. ಹೊಟ್ಟ್ಯಾಗಿನ ಮರೀನೂ ಹೋತು."

ಗಂಟಿನ ಒಳಗಿಂದ ಹೊಂಬಣ್ಣದ ಅಂಚಿನ ಪ್ಲಾಸ್ಟಿಕ್ ತಾಟಿನ ಚೂರೊಂದು ಇಣುಕುತ್ತಿತ್ತು. ನಾಗಲಿಂಗಮ್ಮನಿಗೆ ಗುರುತು ಸಿಕ್ಕಿತು. ಮೊನ್ನೆ ಆ ಮಂಟಪದ ಮದುವೆಯಲ್ಲಿ ಅಂಥದೇ ತಾಟಿನಲ್ಲಿ ಅವಳು ಗೋಧಿಹುಗ್ಗಿಯನ್ನು ಮತ್ತೆ ಹಾಕಿಸಿಕೊಂಡು ಉಂಡಿದ್ದಳು. ಕೈ ತೊಳೆಯಲು ಎದ್ದಾಗ ತಾಟು ಎಲ್ಲಿಗೆ ಹೋಗುತ್ತದೆ ಎಂದು ತಿರುಗಿಯೂ ನೋಡಿರಲಿಲ್ಲ. ಈಗ ತನ್ನ ಕೈಯಾರೆ ಆ ಮೂಕಪ್ರಾಣಿಗೆ ವಿಷ ಇಟ್ಟಂತೆ ಅನ್ನಿಸಿತು.

ಹಿಂದೆಲ್ಲ ಊರಿಗೆ ದೈವದ ಪಾತ್ರೆಗಳು, ಅಂದರೆ ಊರಮಂದಿಗೆಲ್ಲ ಸೇರಿದವು, ಅಂತ ಇರುತ್ತಿದ್ದವು. ಯಾರ ಮನೆಯಲ್ಲಿ ಕಾರ್ಯವಾದರೂ ಹಿರಿಯರನ್ನು ಕೇಳಿ ಒಯ್ಯುವುದು, ಬೆಳಗಿ ತಂದಿಡುವುದು. ಈಗ ಅವುಗಳಲ್ಲಿ ಉಳಿದದ್ದು ಹೊರಲಾರದ ಕೊಪ್ಪರಿಗೆಗಳು ಮಾತ್ರ. ಊಟದ ತಾಟು, ಲೋಟ ಮತ್ತೆ ಕೂಡಿಸಿದರೆ ಹೇಗೆ ಎಂದು ಗೆಳತಿಯರಿಬ್ಬರೂ ಮನೆಮನೆ ತಿರುಗಿದರು. ಎಲ್ಲರೂ "ಛಲೋ ಕೆಲಸ ನೋಡ್ರಿ" ಎಂದು ಚಹಾ ಕುಡಿಸಿ ಕಳಿಸಿದರೇ ಹೊರತು ಒಂದು ಚಮಚವೂ ಹೊರಬೀಳಲಿಲ್ಲ. ಆಗ ನಾಗಲಿಂಗಮ್ಮನಿಗೆ ತನ್ನ ಊರು ಎಂಥದೆಂದು ನೆನಪಾಯಿತು. ತಾಟು ಕೊಟ್ಟವರ ಮನೆಯ ಹಿರಿಯರ ಹೆಸರನ್ನು ಪುಕ್ಕಟೆ ಹಾಕಿಕೊಡುತ್ತೇನೆ ಎಂದು ಸಾರಿದಳು.

ಅಷ್ಟೇ ಸಾಕಾಯಿತು. ಅಪ್ಪನ ಹೆಸರಿಗೆ ಡಜನ್ ಕೊಟ್ಟವನನ್ನು ನೋಡಿ ಅವನ ದಾಯಾದಿ ಅಜ್ಜನ ಹೆಸರಿಗೆ ಎರಡು ಡಜನ್ ತಂದಿಟ್ಟ. ನಾಗಲಿಂಗಮ್ಮನ ಮನೆಯ ಹಿಂದಿನ ಕೋಣೆ ತುಂಬಿತು. ಅವಳು ಹಗಲೆಲ್ಲ ಕೂತು ಒಂದೊಂದು ತಾಟಿನ ನಡುಮಧ್ಯದಲ್ಲಿ, ಎಲ್ಲರಿಗೂ ಕಾಣುವ ಹಾಗೆ ದುಂಡಗೆ ಕೊರೆದಳು: ದಿವಂಗತ ಇಂಥವರ ಸ್ಮರಣಾರ್ಥ.

ಮೊದಲ ಮದುವೆಗೆ ತಾಟುಗಳು ಹೋದವು. ಹೋದ ಹಾಗೆಯೇ, ಅನ್ನದ ಅಗುಳೂ ಸೋಕದೆ, ಗೋಣಿಚೀಲದಲ್ಲಿ ಮರಳಿ ಬಂದವು. ಹೊತ್ತು ತಂದವನು ಅಡುಗೆಯ ಯರ್ರಿಸ್ವಾಮಿ.

"ನಾಗಕ್ಕ, ತಾಟು ಇಟ್ಟ ಕೂಡ್ಲೆ ಹೆಣ್ಣಿನ ಕಡೇರು ಮುಖ ಮುಖ ನೋಡಾಕ ಹತ್ತಿದ್ರು. ಒಬ್ಬಾಕಿ ಅಂತೂ ಅತ್ತೇ ಬಿಟ್ಲು. ದಿವಂಗತ, ದಿವಂಗತ, ದಿವಂಗತ! ಸಾಲಿಗೆ ಸಾಲೇ ಸುಡುಗಾಡ ಆಗಿತ್ತು ನೋಡಬೇ. ಮದುಮಗನ ಮುಂದ ಯಾರರ ಇಂಥಾ ತಾಟು ಇಡ್ತಾರೇನು?"

ನಾಗಲಿಂಗಮ್ಮ ಹಣೆ ಬಡಿದುಕೊಂಡಳು. ಹೆಸರು ಹಾಕುವ ಹುರುಪಿನಲ್ಲಿ ಉಣ್ಣುವವರ ಕಣ್ಣು ಎಲ್ಲಿ ಬೀಳುತ್ತದೆ ಎನ್ನುವುದೇ ಮರೆತುಹೋಗಿತ್ತು. ಊರು ಅವಕ್ಕೆ ತಿಥಿ ತಾಟು ಎಂದು ಹೆಸರಿಟ್ಟಿತು. ತಿಥಿಗಳಿಗೆ ಧಾರಾಳವಾಗಿ ಒಯ್ದರು. ಮದುವೆಗಳಿಗೆ ಮತ್ತದೇ ಹೊಂಬಣ್ಣದ ಅಂಚಿನ ಪ್ಲಾಸ್ಟಿಕ್ಕು, ಮತ್ತದೇ ಬಯಲು. ಒಂದು ತಾಟಿನ ಬರಹ ಉಜ್ಜಿ ತೆಗೆದು ನೋಡಿದಳು. ಅದನ್ನು ಕೊಟ್ಟಿದ್ದ ಹೆಣ್ಣುಮಗಳು ಸುದ್ದಿ ತಿಳಿದು ಓಡಿಬಂದು, "ನಮ್ಮಪ್ಪ ಎರಡನೇ ಸಲ ಸತ್ತಂಗಾತು ನಾಗಕ್ಕ" ಎಂದು ಮಣೆಯ ಮುಂದೆ ಕಣ್ಣೀರಿಟ್ಟಳು. ನಾಗಲಿಂಗಮ್ಮ ಆ ಹೆಸರನ್ನು ಮತ್ತೆ ಮೊದಲಿನಂತೆಯೇ ಕೊರೆದುಕೊಟ್ಟಳು. ಇಡುವ ಹಾಗಿಲ್ಲ, ಅಳಿಸುವ ಹಾಗಿಲ್ಲ.

ಈ ನಡುವೆ ಅವಳ ಒಬ್ಬಳೇ ಮಗಳು ಅಮೃತಾಳಿಗೆ ಹರಪನಹಳ್ಳಿಯ ಹುಡುಗ ಕ್ರಾಂತಿಕುಮಾರ್ ಗೊತ್ತಾದ. ನಾಗಲಿಂಗಮ್ಮ ಬಜಾರದಲ್ಲಿ ಎಲ್ಲರೆದುರು, ನನ್ನ ಮಗಳ ಮದುವೆಯ ಊಟ ಇವೇ ತಾಟಿನಲ್ಲಿ ಎಂದು ಹೇಳಿಬಿಟ್ಟಳು. ತನ್ನ ಮನೆಯ ಮದುವೆಯಲ್ಲೇ ಇವು ನಡೆಯದಿದ್ದರೆ ಊರಲ್ಲಿ ಎಂದೂ ನಡೆಯುವುದಿಲ್ಲ, ಎಲ್ಲವನ್ನೂ ಕೊಟ್ಟವರ ಮನೆಗಳಿಗೆ ತಿರುಗಿ ಹಂಚಬೇಕು ಎನ್ನುವುದು ಅವಳಿಗೆ ಗೊತ್ತಿತ್ತು.

ಅಮೃತಾ ಮುಖ ಊದಿಸಿಕೊಂಡಳು. "ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ. ನಿನ್ನ ಊರುದ್ಧಾರ ನನ್ನ ಮದುವ್ಯಾಗ ಆಗಬೇಕೇನವ್ವಾ? ನಾಳಿ ಆ ಮನ್ಯಾಗ ಬಾಳೇವು ಮಾಡಾಕಿ ನಾನು. ತಿಥಿ ತಾಟಿನಾಗ ಉಣಿಸಿದ ಬೀಗರ ಮಗಳು ಅಂತ ಸಾಯೋತನಕ ಅನಿಸ್ಕೋಬೇಕು."

"ಹೆಸರು ಬಿಟ್ರ ಆ ತಾಟಿಗೆ ಏನು ಕಡಿಮಿ ಆಗೈತಿ?"

"ಹೆಸರ ಅಲ್ಲೇನು ತೊಂದ್ರಿ ಇರೋದು!"

ಮಗಳ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನಾಗಲಿಂಗಮ್ಮನನ್ನು ಹೆಚ್ಚು ಚುಚ್ಚಿತು.

ಮದುವೆಯ ಹಿಂದಿನ ದಿನ ಮನೆಯಲ್ಲಿ ದೇವರ ಕಾರ್ಯ. ಅಂಗಳದಲ್ಲಿ ಮರುಳಸಿದ್ದಮ್ಮ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ತಾಟುಗಳನ್ನು ಬೂದಿ, ಸೀಗೆಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಒರಗಿಸಿದ್ದಳು. ಅರಿಶಿನ ಹಚ್ಚಿಸಿಕೊಂಡ ಅಮೃತಾ ಒಳಗೆ ಕೂತಿದ್ದಳು. ಮದುಮಗನ ತಾಯಿ ಗಂಗಾಂಬಿಕಾ ಮದುಮಗಳಿಗೆ ಸೀರೆ ಕೊಡಲು ಬಂದವರು ಅಂಗಳದಲ್ಲೇ ನಿಂತರು. ಬಗ್ಗಿ ಒಂದು ತಾಟು ಎತ್ತಿ ಓದಿದರು. ಇನ್ನೊಂದು ಎತ್ತಿದರು. ಅವರ ಮುಖ ಸಪ್ಪಗಾಯಿತು.

"ಏನ್ರಿ ಬೀಗ್ತಿಯರೇ ಇದು? ಶುಭಕಾರ್ಯಕ್ಕೆ ಸತ್ತೋರ ತಾಟೇನ್ರಿ? ಪರಿಸರ ಗಿರಿಸರ ಎಲ್ಲ ಸರಿ, ಬ್ಯಾಡ ಅನ್ನಲ್ಲ. ನಾಳೆ ಹುಡುಗರ ಬಾಳಿನಾಗೆ ಏನರ ಹೆಚ್ಚುಕಡಿಮೆ ಆದ್ರೆ, ಜನ ಈ ತಾಟಿನ ಕಡೆ ಬೊಟ್ಟು ಮಾಡ್ತಾರೆ. ದಿವಂಗತ ಅನ್ನೋ ಮಾತು ಮದುವೆ ಮನೆಗೆ ಬರಬಾರದ್ರಿ."

ಅವರದು ಜಂಬದ ಮಾತಲ್ಲ, ಹೆದರಿಕೆಯ ಮಾತು. ತಾಯಿಗೆ ಅಂಥ ಹೆದರಿಕೆ ಇರುವುದೇ. ನಾಗಲಿಂಗಮ್ಮನಿಗೆ ಅದು ತಿಳಿಯದೆ ಇಲ್ಲ. ಆದರೂ ಎದೆಯಲ್ಲಿ ವರ್ಷಗಟ್ಟಲೆ ಕೂತಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಹಂಗಂದ್ರ ನಾಳಿ ನಾನೂ ಮಂಟಪಕ್ಕ ಬರಂಗಿಲ್ರಿ. ತಾಟಿನ ಮ್ಯಾಲೆ ಬರದದ್ದು ನನ್ನ ಹಣಿ ಮ್ಯಾಲೂ ಬರದೈತಿ. ಅರಿಶಿಣ ಹಚ್ಚೋವಾಗ ನಾನು ದೂರ ನಿಂತೆ. ಅಕ್ಕಿ ಹಾಕೋವಾಗ ಹಿಂದ ನಿಲ್ತೀನಿ. ಅದು ನನಗ ರೂಢಿ ಆಗೈತಿ. ಆದ್ರ ಇವೇನು ಪಾಪ ಮಾಡ್ಯಾವ್ರಿ?"

ಗಂಗಾಂಬಿಕಾರ ಕೈಯಲ್ಲಿ ತಾಟು ಹಾಗೆಯೇ ಉಳಿಯಿತು.

ಅಷ್ಟರಲ್ಲಿ, ತಾಯಿಯ ಮಾತು ಒಳಗಿಂದಲೇ ಕೇಳಿದ ಅಮೃತಾ ಅರಿಶಿನದ ಮೈಯಲ್ಲೇ ಹೊರಗೆ ಬಂದಳು. ಮದುಮಗಳು ಹೊಸಿಲು ದಾಟಬಾರದೆಂದು ಯಾರೋ ಕೂಗಿದರು, ಕೇಳಿಸಿಕೊಳ್ಳಲಿಲ್ಲ. ಒರಗಿಸಿದ ತಾಟುಗಳಲ್ಲಿ ಹುಡುಕಿ ಒಂದನ್ನು ತೆಗೆದಳು. ಅದರಲ್ಲಿ ದಿವಂಗತ ಹಾಲಸ್ವಾಮಿ ಎಂದಿತ್ತು. ಒಳಗೆ ದೇವರ ಮುಂದೆ ಹಿರಿಯರಿಗೆ ಎಡೆ ಹಾಕಲು ಬಾಳೆಲೆ ಹಾಸಿದ್ದರು. ಅವಳು ಎಲೆ ಸರಿಸಿ ಅಪ್ಪನ ತಾಟಿಟ್ಟು, ಹೋಳಿಗೆ, ಅನ್ನ, ಕಟ್ಟಿನ ಸಾರು ತಾನೇ ಬಡಿಸಿದಳು.

"ಅತ್ತಿಯರ, ನಿಮ್ಮ ಮನ್ಯಾಗೂ ಮದುವಿಗಿ ಮೊದಲು ಹಿರೇರಿಗೆ ಎಡಿ ಇಟ್ಟೀರಲ್ಲ? ಮೊದಲನೇ ಊಟ ಸತ್ತೋರಿಗೇ ಅಲ್ಲೇನ್ರಿ? ಕರದು ಉಣಿಸಿ, ಆಮ್ಯಾಲೆ ನಿಮ್ಮ ತಾಟು ಬ್ಯಾಡ ಅಂದ್ರ ಹೆಂಗ್ರಿ?" ಎಂದಳು. ಆಮೇಲೆ ತಾಯಿಯ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

ಗಂಗಾಂಬಿಕಾ ಒಳಗೆ ಬಂದು ಎಡೆಗೆ ಕೈಮುಗಿದರು. ಸೀರೆ ಕೊಟ್ಟರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೊರಟುಹೋದರು.

ಮರುದಿನ ಮಂಟಪದ ಊಟದ ಮನೆಯಲ್ಲಿ ಯರ್ರಿಸ್ವಾಮಿ ಪ್ಲಾಸ್ಟಿಕ್ ತಾಟಿನ ಒಂದು ದೊಡ್ಡ ಕಟ್ಟನ್ನು ಬಾಗಿಲ ಹಿಂದೆ ಇಟ್ಟುಕೊಂಡೇ ನಿಂತಿದ್ದ. "ಎದಕ್ಕೂ ಇರ್ಲಿ ಬಿಡಬೇ" ಎಂದಿದ್ದ. ನಾಗಲಿಂಗಮ್ಮ ಬೈಯಲೂ ಇಲ್ಲ. ಮೊದಲ ಸಾಲಿಗೆ ಹರಪನಹಳ್ಳಿಯವರು ಕೂತರು. ತಾಟುಗಳು ಹೋದವು. ಎಲ್ಲರ ಕಣ್ಣೂ ಗಂಗಾಂಬಿಕಾರ ಮೇಲೆ. ಅವರು ತಮ್ಮ ಮುಂದಿನ ತಾಟನ್ನು ತಿರುಗಿಸಿ ಗಟ್ಟಿಯಾಗಿ ಓದಿದರು.

"ದಿವಂಗತ ಬಣಕಾರ ಚನ್ನಬಸಮ್ಮ. ಯಾರ್ರಿ ಇವ್ರು?"

ಎದುರು ಸಾಲಿನ ಮುದುಕ ಯರ್ರೆಪ್ಪ ಬಾಯಿ ಹಾಕಿದ. "ನಮ್ಮೂರ ಸೂಲಗಿತ್ತಿ ಅಲ್ರಿ ಆಕಿ! ಇಲ್ಲಿ ಬಡಸಾಕ ಹತ್ತ್ಯಾರಲ್ಲ, ಇವ್ರೊಳಗ ಅರ್ಧ ಮಂದಿನ್ನ ಭೂಮಿಗಿ ತಂದಾಕಿ. ಕೈಗುಣ ಅಂದ್ರ ಕೈಗುಣ. ಒಂದು ಕೂಸೂ ಕಳೀಲಿಲ್ಲ."

ಗಂಗಾಂಬಿಕಾ ಆ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ನಕ್ಕರು. "ಸೂಲಗಿತ್ತಿ ತಾಟು ನನಗೇ ಬಂದೈತೆ ಅಂದ್ರೆ ಮುಂದಿನ ವರ್ಷ ಮೊಮ್ಮಗು ಗ್ಯಾರಂಟಿ. ಹಾಕ್ರಿ ಹುಗ್ಗಿ!"

ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಶುರುವಾಯಿತು ನೋಡಿ. ನಿನ್ನ ತಾಟು ಯಾರದು, ನನ್ನದು ಯಾರದು ಎಂದು ಪ್ರತಿಯೊಬ್ಬರೂ ಓದುವವರೇ. ಟಾಂಗಾ ಹುಸೇನಸಾಬನ ತಾಟು ಬಂದವನಿಗೆ ಪಕ್ಕದವರು ಆ ಟಾಂಗಾದ ಕುದುರೆಯ ತಂಟೆ ಹೇಳಿದರು. ಒಬ್ಬ ತನ್ನಜ್ಜನ ತಾಟು ಇನ್ನೊಬ್ಬನ ಮುಂದಿದೆ ಎಂದು ಜಗಳ ತೆಗೆದು ಅದಲುಬದಲು ಮಾಡಿಸಿಕೊಂಡ. ಎಷ್ಟೋ ವರ್ಷದಿಂದ ಯಾರ ಬಾಯಲ್ಲೂ ಬಾರದ ಹೆಸರುಗಳು ಅಂದು ಹುಗ್ಗಿ, ಹಪ್ಪಳಗಳ ನಡುವೆ ಓಡಾಡಿದವು. ನೀರನ್ನು ಹಂಡೆಯಿಂದ ಸ್ಟೀಲ್ ಲೋಟಕ್ಕೆ ತುಂಬಿ ಕೊಟ್ಟರು, ತಾಟು ತೊಳೆದ ನೀರು ಮಂಟಪದ ತೆಂಗಿನ ಗಿಡಗಳಿಗೆ ಹರಿಯಿತು. ಹಿಂದಿನ ಬಯಲಿಗೆ ಬಿದ್ದದ್ದು ಬಾಳೆಸಿಪ್ಪೆ, ಸೊಪ್ಪಿನ ದಂಟು ಅಷ್ಟೇ. ಮರುಳಸಿದ್ದಮ್ಮ ಧೈರ್ಯವಾಗಿ ಕುರಿ ಬಿಟ್ಟಳು.

ಇವತ್ತು ಆ ತಾಟುಗಳಿಗೆ ಲಗ್ನದ ದಿನಗಳಲ್ಲಿ ಸರದಿ ಕಾಯಬೇಕು. ಕೂಡ್ಲಿಗಿಯವರು, ಹಡಗಲಿಯವರು ಬಂದು, ನಮ್ಮೂರಲ್ಲೂ ಹೇಗೆ ಮಾಡುವುದೆಂದು ಕೇಳಿಕೊಂಡು ಹೋಗಿದ್ದಾರೆ. ಆದರೆ ನಾಗಲಿಂಗಮ್ಮನನ್ನು ಆ ಮದುವೆಯ ಬಗ್ಗೆ ಕೇಳಿದರೆ ಅವಳು ಇದಾವುದನ್ನೂ ಹೇಳುವುದಿಲ್ಲ. ಕೊನೆಗೆ ನಡೆದ ಭೂಮದ ಊಟವನ್ನು ಹೇಳುತ್ತಾಳೆ.

ಭೂಮ ಎಂದರೆ ಮದುಮಕ್ಕಳ ಜೊತೆ ಎರಡೂ ಕಡೆಯ ಮುತ್ತೈದೆಯರು ಸುತ್ತ ಕೂತು ಒಂದೇ ದೊಡ್ಡ ಪರಾತದಲ್ಲಿ ಉಣ್ಣುವ ಶಾಸ್ತ್ರ. ನಾಗಲಿಂಗಮ್ಮ ರೂಢಿಯಂತೆ ದೂರದಲ್ಲಿ, ಕಂಬದ ಪಕ್ಕ ನಿಂತಿದ್ದಳು. ಗಂಗಾಂಬಿಕಾ ಕೂರಲು ಹೋದವರು ನಿಂತು, ಸುತ್ತ ನೋಡಿ, ಅವಳನ್ನು ಕಂಡು ಕೈಮಾಡಿ ಕರೆದರು.

"ಅದು ಮುತ್ತೈದೇರು ಕುಂದ್ರೋ ಜಾಗ್ರಿ" ಎಂದಳು ನಾಗಲಿಂಗಮ್ಮ.

"ಊರಿನ ಸತ್ತೋರೆಲ್ಲ ಪಂಕ್ತಿಯಾಗೆ ಬಂದು ಉಂಡು ಹೋದ್ರು. ಬದುಕಿರೋ ತಾಯಿ ಒಬ್ಬಾಕೆ ಹೊರಗೆ ನಿಲ್ಲೋದೇನ್ರಿ? ನಿನ್ನೆ ನೀವು ಅಂದ ಮಾತಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ. ಬರ್ರಿ, ಕುಂದ್ರಿ."

ಯಾರೋ ಗೊಣಗಿದರು. ಗಂಗಾಂಬಿಕಾ ಬಂದು ಅವಳ ಕೈ ಹಿಡಿದು ಎಳೆದುಕೊಂಡೇ ಹೋದರು, ಮಗಳ ಪಕ್ಕಕ್ಕೆ ಕೂರಿಸಿದರು. ನಾಗಲಿಂಗಮ್ಮ ಸೆರಗು ಸರಿಮಾಡಿಕೊಳ್ಳುತ್ತ ಕೂತಳು. ಪರಾತಕ್ಕೆ ಕೈಹಾಕಲು ಅವಳಿಗೆ ಆಗಲಿಲ್ಲ. ಅಮೃತಾ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಮೊದಲ ತುತ್ತನ್ನು ತಾಯಿಯ ಬಾಯಿಗಿಟ್ಟಳು.