ಮಗಳು ಗುಜರಾತಿಯಲ್ಲಿ ಕೇಳಿದ ಪ್ರಶ್ನೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಸೊಂಟದ ಎಲುಬಿಗೆ ಇಳಿದಿದೆ ಎಂದು ತಿಳಿಸಿದ ದಿನ ಅಹಮದಾಬಾದಿನ ಡಾಕ್ಟರು ಮೊದಲಿಗೆ ಏನು ಹೇಳಿದರೆಂಬುದರ ಬಗ್ಗೆ ನನಗೂ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ‘ಗುಣವಾಗುತ್ತದೆ’ ಎಂದರೆಂದು ನನ್ನ ನೆನಪು. ‘ಹಿಡಿತದಾಗ ಇಡಬಹುದು ಅಂದ್ರು, ಅಷ್ಟ’ ಎನ್ನುತ್ತಾಳೆ ಅವಳು. ಎಲುಬಿಗೆ ಹೋದ ಮೇಲೆ ಯಾವ ಡಾಕ್ಟರೂ ನಾನು ನೆನೆಯುವ ಮಾತು ಆಡುವುದಿಲ್ಲ, ಅವಳದ್ದೇ ಸರಿಯಿರಬೇಕು. ವಿಜ್ಞಾನ ಓದಿ, ಬೇರೆಯವರ ಫಲಿತಾಂಶಗಳನ್ನು ಅನುಮಾನಿಸುವುದಕ್ಕೇ ಸಂಬಳ ಪಡೆದವನಿಗೆ ತನ್ನ ಕಿವಿಯನ್ನು ಅನುಮಾನಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ವಡೋದರಾದ ಗೋರ್ವಾದಲ್ಲಿ ನಮ್ಮ ಮನೆ. ಬೆಳಗಿನ ರೈಲಿಗೆ ಮೂವರೂ ಹೋಗಿದ್ದೆವು: ನಾನು, ಅವಳು, ಮಗಳು. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆಯೋ ರೇಡಿಯೇಶನ್ನೋ ಎಂದು ನಾನೊಬ್ಬನೇ ಎರಡೂ ಪಕ್ಷ ವಹಿಸಿ ವಾದಿಸುತ್ತಿದ್ದೆ. ಆ ವಾದ ಸ್ಕ್ಯಾನಿನೊಂದಿಗೆ ಮುಗಿಯಿತು. ಗ್ರಂಥಿಯನ್ನು ತೆಗೆದರೂ ಎಲುಬಿನಲ್ಲಿ ಕೂತದ್ದು ಉಳಿಯುತ್ತದೆ, ಈ ರೋಗಕ್ಕೆ ಗಂಡಸಿನ ಹಾರ್ಮೋನೇ ಆಹಾರ, ಅದನ್ನು ನಿಲ್ಲಿಸಬೇಕು ಎಂದರು ಡಾಕ್ಟರು. ಅದಕ್ಕೆ ಎರಡು ದಾರಿ: ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲವೇ ಸಣ್ಣ ಆಪರೇಶನ್ನಿನಲ್ಲಿ ಎರಡೂ ವೃಷಣಗಳನ್ನು ತೆಗೆಯುವುದು. ಯಾವುದಾದರೂ ಸರಿ, ಜೊತೆಗೆ ದಿನವೂ ಮಾತ್ರೆ.

ನಮ್ಮ ಮನೆಯ ಕನ್ನಡದಲ್ಲಿ ಊಟವಿದೆ, ದೇವರಿದ್ದಾರೆ, ಜಗಳವಿದೆ. ಸೊಂಟದ ಕೆಳಗಿನ ವಿಷಯಕ್ಕೆ ಮಾತಿಲ್ಲ. ‘ನೀ ಸ್ವಲ್ಪ ಹೊರಗ ಕೂಡವಾ’ ಎಂದೆ ಮಗಳಿಗೆ.

‘ಯಾಕೆ ಪಪ್ಪಾ? ನೀವಿಬ್ರೂ ಇಲ್ಲಿ ಏನೂ ಕೇಳೋದಿಲ್ಲ. ಮನೆಗೆ ಹೋಗಿ ಫೈಟ್ ಮಾಡ್ತೀರಿ.’

ಗುಜರಾತಿನಲ್ಲೇ ಹುಟ್ಟಿ ಬೆಳೆದ ಅವಳು ಡಾಕ್ಟರ ಕಡೆ ತಿರುಗಿ, ಫ್ರಿಜ್ಜಿನ ವಾರಂಟಿ ವಿಚಾರಿಸುವ ದನಿಯಲ್ಲಿ, ಇದಾದ ಮೇಲೆ ಗಂಡ ಹೆಂಡತಿಯ ಸಂಬಂಧ ಹೇಗಿರುತ್ತದೆ ಎಂದು ಗುಜರಾತಿಯಲ್ಲಿ ಕೇಳಿದಳು. ಅವರೂ ಅದೇ ದನಿಯಲ್ಲಿ ಉತ್ತರಿಸಿದರು: ಎರಡು ದಾರಿಯಲ್ಲೂ ಆಸೆ ಬಹುತೇಕ ಹೋಗುತ್ತದೆ, ಮೈ ಬಿಸಿಯೇರಿ ಬೆವರುತ್ತದೆ, ಎಲುಬುಗಳು ಸವೆಯುತ್ತವೆ, ಸುಸ್ತು. ತರಕಾರಿಯವನ ಜೊತೆ ತಮಾಷೆ ಮಾಡುವಷ್ಟು ಗುಜರಾತಿ ಬಲ್ಲ ನಾವಿಬ್ಬರೂ ಒಂದಕ್ಷರ ತಿಳಿಯದವರಂತೆ ಕೂತಿದ್ದೆವು.

‘ಸಮಜ್ಯಾ, ಕಾಕಾ?’ ಅರ್ಥವಾಯಿತೇ ಎಂದರು, ನನಗಿಂತ ಹೆಚ್ಚೇನೂ ಚಿಕ್ಕವರಲ್ಲದ ಡಾಕ್ಟರು.

ಹೆಂಡತಿ ಮೇಜು ನೋಡುತ್ತ ಹೇಳಿದಳು: ‘ಒಮ್ಮೆ ತಗಿಸಿಬಿಡ್ರಿ. ಸಾಯೋತನಕ ಸೂಜಿಗೆ ಅಲೆದಾಡೋದು ಯಾಕ?’

‘ನಿನಗ ಹೇಳೋದು ಸಸಾರ.’

‘ನನ್ನ ಗರ್ಭಕೋಶ ತಗಿಸೋ ಮುಂದ ನೀವು ಎರಡು ನಿಮಿಷಾನೂ ವಿಚಾರ ಮಾಡಲಿಲ್ಲ.’

ವಾರಗಟ್ಟಲೆ ಯೋಚಿಸಿದ್ದೆನೆಂದೇ ನನ್ನ ನೆನಪು. ನಮ್ಮ ಈ ಮಾತುಗಳನ್ನು ಮಗಳು ಗುಜರಾತಿಗೆ ತಿರುಗಿಸಿ ಡಾಕ್ಟರಿಗೆ ಹೇಳಲಿಲ್ಲ.

‘ಇಂಜೆಕ್ಷನ್ನೇ ಇರಲಿ. ಗುಣವಾದ ಮೇಲೆ ನಿಲ್ಲಿಸಬಹುದು’ ಎಂದೆ ಹಿಂದಿಯಲ್ಲಿ.

ಡಾಕ್ಟರು ಕನ್ನಡಕ ತೆಗೆದಿಟ್ಟು, ಅವರೂ ಹಿಂದಿಯಲ್ಲಿ, ನಿಧಾನವಾಗಿ, ‘ನಿಲ್ಲಿಸುವ ಮಾತಿಲ್ಲ, ಕಾಕಾ. ರೋಗ ಇನ್ನು ನಿಮ್ಮ ಜೊತೆಯಲ್ಲೇ ಇರುತ್ತದೆ’ ಎಂದರು.

ಆದರೂ ಇಂಜೆಕ್ಷನ್ನೆಂದೇ ಹೇಳಿದೆ. ಅದಕ್ಕೆ ಒಪ್ಪುವಂಥ ಕಾರಣ ನನ್ನಲ್ಲಿರಲಿಲ್ಲ. ಮೊದಲು ಕೆಲವು ದಿನ ಬರೀ ಮಾತ್ರೆ ಕೊಟ್ಟರು, ಆಮೇಲೆ ಅದರ ಜೊತೆಗೆ ಹೊಟ್ಟೆಯ ಚರ್ಮದಡಿಗೆ ಸೂಜಿ.

ಈಗ ರಕ್ತಪರೀಕ್ಷೆಯ ಅಂಕಿ ಇಳಿದಿದೆ. ಜನವರಿಯ ರಾತ್ರಿಯಲ್ಲೂ ನಾನು ಬೆವೆತು ಫ್ಯಾನು ಹಾಕುತ್ತೇನೆ. ಹೆಂಡತಿ ಅದೇ ಕೋಣೆಯಲ್ಲಿ ರಜಾಯಿ ಹೊದ್ದು ಮಲಗುತ್ತಾಳೆ. ಆಚೆ ಕೋಣೆಗೆ ಹೋಗೆಂದರೆ ಹೋಗುವುದಿಲ್ಲ. ಅವಳ ಮೇಲೆ ನನಗೆ ಆಸೆಯಿತ್ತೆಂಬುದು ಗೊತ್ತು. ಅದು ಹೇಗಿರುತ್ತಿತ್ತು ಎಂಬುದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಮೊನ್ನೆ ಅವಳನ್ನೇ ಕೇಳಿದೆ, ‘ನಾನು ಮೊದಲು ಹೆಂಗಿದ್ದೆ?’

ಅವಳು ರಜಾಯಿಯನ್ನು ತಲೆಯ ಮೇಲೆ ಎಳೆದುಕೊಂಡು, ‘ಫ್ಯಾನ್ ಒಂಚೂರು ಸಣ್ಣ ಮಾಡ್ರಿ’ ಎಂದಳು.