ಕಡ್ಡಿಪುಡಿಗೆ ಒಳಗೆ ಪ್ರವೇಶವಿಲ್ಲ

ನನ್ನ ತಮ್ಮ ಜೈಲಿನಲ್ಲಿದ್ದ. ಮುಚ್ಚಿಟ್ಟು ಪ್ರಯೋಜನವಿಲ್ಲ, ಸಿಯಾಟಲ್ ಕಡೆಯ ಕನ್ನಡದವರಿಗೆಲ್ಲ ಗೊತ್ತಿರುವ ವಿಷಯ. ಕುಡಿದು ಕಾರು ಓಡಿಸಿಕೊಂಡು ಬಂದು ಇಸ್ಸಾಕ್ವಾದ ಇಳಿಜಾರಿನಲ್ಲಿ ಇನ್ನೊಂದು ಕಾರಿಗೆ ಗುದ್ದಿದ. ಅದರಲ್ಲಿದ್ದ ಹೆಂಗಸಿನ ಕಾಲು ಮುರಿಯಿತು. ಇಷ್ಟು ವರ್ಷ ವಿಮಾನದ ರೆಕ್ಕೆಯ ಲೆಕ್ಕ ಹಾಕಿದ ಇಂಜಿನಿಯರು ಎಂದು ನ್ಯಾಯಾಧೀಶರು ಬಿಡಲಿಲ್ಲ. ಬಿಡಲೂಬಾರದು.

ಹಾಗಂತ ನೋಡದೆ ಇರಲಾಗುತ್ತದೆಯೇ? ನಮ್ಮವ್ವ ಹೋದ ಮೇಲೆ ಅವನಿಗೆ ಅನ್ನ ಕಲಸಿ ಬಾಯಿಗಿಟ್ಟವಳು ನಾನು. ಅವನ ಭೇಟಿಗೆ ಒಪ್ಪಿಗೆ ಸಿಗಲು ತಿಂಗಳುಗಟ್ಟಲೆ ಕಾದೆವು. ಸಿಕ್ಕ ದಿನವೇ ಮಗಳು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು.

"ಅಮ್ಮಾ, ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಪರ್ಮಿಶನ್ ಕ್ಯಾನ್ಸಲ್ ಮಾಡ್ತಾರೆ. ಮಾಮ ಹೊರಗೆ ಬರೋವರ್ಗೂ ನೋಡಕ್ಕಾಗಲ್ಲ. ಫೋನ್, ಪರ್ಸ್, ಏನೂ ತಗೊಂಡು ಹೋಗೋ ಹಾಗಿಲ್ಲ. ಸ್ಮೋಕಿಂಗ್ ಅಂತೂ ಪೂರ್ತಿ ಬ್ಯಾನ್."

"ನಾನೇನು ಬೀಡಿ ಸೇದ್ತೀನೇನೇ?" ಎಂದೆ. ಅವಳು ನಕ್ಕಳು. ಪಾಠ ಅಲ್ಲಿಗೆ ಮುಗಿಯಿತು.

ಎಡವಿದ್ದು ಅಲ್ಲೇ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಯಡಿಕೆ ಚೀಲ ನನ್ನ ಮೈಮೇಲೆ ಬಳೆ, ಓಲೆ ಇದ್ದ ಹಾಗೆ ಇರುತ್ತದೆ. ಅದು ನನ್ನ ಕಣ್ಣಿಗೂ ಬೀಳುವುದಿಲ್ಲ, ಮಗಳ ಕಣ್ಣಿಗೂ ಬೀಳುವುದಿಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಜೊತೆಗೆ ಊರಿನಿಂದ ತರಿಸಿಕೊಂಡ ಕಡ್ಡಿಪುಡಿ. ಕಡ್ಡಿಪುಡಿ ಹೊಗೆಸೊಪ್ಪಿನದೇ ನಿಜ. ಆದರೆ ನಮ್ಮ ಕಡೆ ಅದನ್ನು ಚಟವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೇದುವುದು ಗಂಡಸರ ಚಟ. ನಮ್ಮದು ಕಾಫಿ ಆದಮೇಲೆ ಬಾಯಿಗಿಷ್ಟು.

ನಮ್ಮ ಮನೆಯಿರುವ ಮಿಲ್ ಕ್ರೀಕಿನಿಂದ ಹೊರಟೆವು. ದಾರಿಯಲ್ಲಿ ಫ್ಲಾಸ್ಕಿನ ಕಾಫಿ ಕುಡಿದು ಎಲೆಗೆ ಸುಣ್ಣ ಸವರಿ, ಕಡ್ಡಿಪುಡಿ ಸೇರಿಸಿ ಹಾಕಿಕೊಂಡೆ. "ಸೀಟ್ ಮೇಲೆ ಕಲೆ ಮಾಡ್ಬೇಡಮ್ಮ" ಎಂದಷ್ಟೇ ಮಗಳು ಹೇಳಿದಳು.

ಜೈಲಿನ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ ಕಾಲಿಟ್ಟೆ. ಅದು ಕಿರುಚಿಕೊಂಡಿತು. ಸುಣ್ಣದ ಡಬ್ಬಿ ಸ್ಟೀಲಿನದು. ಕಾವಲಿನ ಹುಡುಗಿ ಹತ್ತಿರ ಬಂದು ಏನೋ ಕೇಳಿದಳು. ಉತ್ತರ ಹೇಳಲು ಬಾಯಿ ತೆರೆದೆ.

"ಬ್ಲಡ್!" ಎಂದು ಕೂಗಿಕೊಂಡಳು.

ಒಬ್ಬ ಕುರ್ಚಿ ತಂದ. ಇನ್ನೊಬ್ಬ ನರ್ಸನ್ನು ಕರೆಯಲು ಓಡಿದ. "ನೋ ಬ್ಲಡ್, ಲೀಫ್, ಲೀಫ್!" ಎನ್ನುತ್ತ ಚೀಲ ತೆಗೆದು ತೋರಿಸಿದೆ. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಡಬ್ಬಿಯಲ್ಲಿ ಬೆಳ್ಳಗಿನದೇನೋ, ಪೊಟ್ಟಣದಲ್ಲಿ ಕಂದು ಪುಡಿ, ಮುದುಕಿಯ ಬಾಯಿ ಕೆಂಪು. ಎಲ್ಲರ ಮುಖ ಬಿಗಿಯಾಯಿತು. ಮೇಲಿನ ಅಧಿಕಾರಿ ಬಂದ.

ಮಗಳು ನನ್ನ ತೋಳು ಚಿವುಟಿದಳು. "ಔಷಧಿ ಅಂತ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು."

ಗೋಡೆಯ ಪಕ್ಕ ಒಂದು ನಾಯಿ ಕೂತಿತ್ತು. ಮೂಸಿ ಪತ್ತೆ ಮಾಡುವ ನಾಯಿ. ಅದಕ್ಕೆ ಔಷಧಿಯ ಕಥೆ ಹೇಳಿ ಒಪ್ಪಿಸುವವರು ಯಾರು? ಸುಳ್ಳು ಸಿಕ್ಕಿಬಿದ್ದರೆ ತಮ್ಮನ ಮುಖ ಮತ್ತೆ ಕಾಣುವ ಹಾಗಿಲ್ಲ. "ಟೊಬ್ಯಾಕೋ" ಎಂದೆ. ಮಗಳು ಹಣೆ ಚಚ್ಚಿಕೊಂಡಳು.

ಅಧಿಕಾರಿ ನನ್ನನ್ನೇ ನೋಡಿದ. ಯಾರಿಗಾದರೂ ಕೊಡುವುದಕ್ಕೆ ತಂದಿರಾ ಎಂದು ಕೇಳಿದ. ಮಗಳು ಕನ್ನಡಕ್ಕೆ ತಿರುಗಿಸಿದಳು.

"ನನಗೇ ಸಾಲ್ದು, ಯಾರಿಗೆ ಕೊಡ್ಲಿ ಅಂತ ಹೇಳೇ."

ಅವಳು ಹೇಳಿದಳು. ಅವನ ಮೀಸೆ ಸ್ವಲ್ಪ ಅಲುಗಿತು. ಚೀಲ ಕಾರಿನಲ್ಲಿಟ್ಟು, ಬಾಯಿ ತೊಳೆದುಕೊಂಡು ಬರಬೇಕು. ಇನ್ನೊಂದು ಸಲ ಹೀಗಾದರೆ ಒಪ್ಪಿಗೆ ರದ್ದು ಎಂದ. ಅವರ ಬಚ್ಚಲಿನ ಬಿಳಿ ತೊಟ್ಟಿ ಕೆಂಪಾಗುವಷ್ಟು ಮುಕ್ಕಳಿಸಿದೆ. ಆಮೇಲೆ ಅದನ್ನೂ ತೊಳೆದೆ.

ಒಳಗೆ ತಮ್ಮ ಎದ್ದು ನಿಂತ. ಇಳಿದುಹೋಗಿದ್ದ. ಬಂದ ಕೂಡಲೆ ಒಂದು ಸಲ ತಬ್ಬಿಕೊಳ್ಳಬಹುದಂತೆ, ಆಮೇಲೆ ಮೇಜಿನ ಆಚೆ ಈಚೆ. ತಬ್ಬಿಕೊಂಡವನು ಬಿಡಲೇ ಇಲ್ಲ. ಅಕ್ಕನ ಮೇಲೆ ಇಷ್ಟೊಂದು ಪ್ರೀತಿ ಯಾವಾಗ ಹುಟ್ಟಿತೋ ಅಂದುಕೊಂಡೆ.

"ಬಿಡೋ, ಆ ಮನುಷ್ಯ ನೋಡ್ತಿದಾನೆ."

"ಇನ್ನೊಂದ್ಸಲ ಉಸಿರು ಬಿಡಕ್ಕ" ಎಂದ ಕಿವಿಯಲ್ಲಿ. "ಕಡ್ಡಿಪುಡಿ ಹಾಕಿದೀಯಲ್ಲಾ!"

ಅವನು ತಬ್ಬಿದ್ದು ನನ್ನನ್ನಲ್ಲ, ನನ್ನ ಬಾಯಿಯ ವಾಸನೆಯನ್ನು. ಹೊರಗಿದ್ದಾಗ ಒಂದು ಸಿಗರೇಟಿನಿಂದ ಇನ್ನೊಂದನ್ನು ಹಚ್ಚುತ್ತಿದ್ದ ಪ್ರಾಣಿ. ತಳ್ಳಿ ಕೂರಿಸಿದೆ.

ಒಳಗೆ ಕೆಲವರು ಟೀ ಸೊಪ್ಪು ಒಣಗಿಸಿ ಕಾಗದದಲ್ಲಿ ಸುತ್ತಿ ಸೇದುತ್ತಾರಂತೆ. "ನೀನೂ ಸೇದಿದ್ಯೇನೋ?" ಎಂದೆ.

"ಒಂದ್ಸಲ. ಗೋಣಿಚೀಲ ಸುಟ್ಟಂಗಿತ್ತು. ಸಿಕ್ಕಿಬಿದ್ರೆ ಭೇಟಿ ಬಂದ್ ಮಾಡ್ತಾರೆ, ಅದಕ್ಕೇ ಬಿಟ್ಟೆ."

"ಅಲ್ಲ ಕಣೋ, ಮನೆ ಇಲ್ಲ, ಮಠ ಇಲ್ಲ, ಒಳಗೆ ಕೂತೋರಿಗೆ ಒಂದು ಸಿಗರೇಟು ಕೊಟ್ರೆ ಇವರ ಗಂಟೇನು ಹೋಗುತ್ತೆ?"

"ನಾನೂ ಮೊದಲು ಹಾಗೇ ಬೈತಿದ್ದೆ" ಎಂದ. "ನನ್ನ ಸೆಲ್ಲಲ್ಲಿ ಒಬ್ಬ ಮುದುಕ ಇದಾನೆ, ಉಬ್ಬಸ. ನಾನು ಹೊಗೆ ಬಿಟ್ರೆ ಅವನು ಎದ್ದು ಎಲ್ಲಿಗೆ ಹೋಗ್ಬೇಕು ಹೇಳು. ಬಾಗಿಲಿಗೆ ಬೀಗ."

ಮನೆಯಲ್ಲಿ ಅವನು ಸೇದುವಾಗ ನಾವೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆವು. ಆಗ ಅವನಿಗೆ ಇದು ಹೊಳೆದಿರಲಿಲ್ಲ.

ಹೊರಡುವಾಗ ಹೇಳಿದೆ: "ಮುಂದಿನ ಸಲ ನಾನು ಬಾಯಲ್ಲಿ ಏನೂ ಹಾಕ್ಕೊಂಡು ಬರೋ ಹಾಗಿಲ್ಲ. ಬಂದ್ರೆ ಬಿಡಲ್ವಂತೆ."

"ಹಾಗಾದ್ರೆ ನಿನ್ನ ಮುಖ ಯಾರಿಗೆ ಬೇಕು?" ಎಂದು ನಕ್ಕ. ನಾನು ನಗದಿದ್ದುದನ್ನು ಕಂಡು, "ತಮಾಷೆ ಕಣಕ್ಕ. ಬಾ. ಬರೀ ಬಾಯಲ್ಲೇ ಬಾ" ಎಂದ.

ಮುಂದಿನ ಭೇಟಿಯ ದಿನ ಬೆಳಗ್ಗೆ ಎದ್ದಾಗಿನಿಂದ ಎಲೆ ಮುಟ್ಟಲಿಲ್ಲ. ತಲೆ ಸಿಡಿಯಿತು. ಮಗಳು ಕಾರು ನಿಧಾನ ಓಡಿಸಿದರೂ ಬೈದೆ, ಜೋರಾಗಿ ಓಡಿಸಿದರೂ ಬೈದೆ. ಬಾಗಿಲಲ್ಲಿ ಅದೇ ಹುಡುಗಿ ಇದ್ದಳು. ಅವಳು ಕೇಳುವ ಮೊದಲೇ, ಹಲ್ಲಿನ ಡಾಕ್ಟರ ಮುಂದೆ ತೆರೆದ ಹಾಗೆ ಬಾಯಿ ತೆರೆದೆ. ಹೆಬ್ಬೆರಳು ತೋರಿಸಿ ಒಳಗೆ ಬಿಟ್ಟಳು.

ತಮ್ಮ ತಬ್ಬಿಕೊಂಡು ಒಮ್ಮೆ ಮೂಸಿದ. "ಥೂ, ಪೇಸ್ಟು" ಎಂದು ತಕ್ಷಣ ಬಿಟ್ಟುಬಿಟ್ಟ. ಕೂತು ಮಾತಾಡಲು ಅಷ್ಟು ಹೊತ್ತು ಹೆಚ್ಚಿಗೆ ಸಿಕ್ಕಿತು.