ಶಿರವಾಳದಲ್ಲಿ ನೆರಳು ಹೋದ ಮಧ್ಯಾಹ್ನ

ಮೇ ತಿಂಗಳ ಮೊದಲ ವಾರ, ಹನ್ನೆರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಶಿರವಾಳದ ಹಳೆಯ ಗುಡಿಯ ಅಂಗಳದಲ್ಲಿ, ಪೆಂಡಾಲಿನ ಮೂಲೆಯ ಬಿದಿರಿನ ಗಳಕ್ಕೆ ಒರಗಿ ನಾನು ನಿಂತಿದ್ದೆ. ಆಮೇಲೆ ಕಂಡದ್ದನ್ನು ನೆನೆದರೆ ಈಗಲೂ ಎದೆ ಒಮ್ಮೆ ಝಲ್ಲೆನ್ನುತ್ತದೆ. ಎಲ್ಲಿಂದ ಕಂಡೆ ಎಂಬುದಾದರೂ ಖಚಿತವಾಗಿರಲಿ.

ಶಹಾಪುರದ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಶಿರವಾಳದ ಮಗಳಾದ ಟೀಚರೊಬ್ಬರು ವಿಜ್ಞಾನ. ಆ ವರ್ಷ ಒಂದು ಸಂಸ್ಥೆ ಅವರನ್ನು ಖಗೋಳ ವಿಜ್ಞಾನದ ರಾಯಭಾರಿಯಾಗಿ ಆರಿಸಿತ್ತು. ಊರೂರಿಗೆ ಹೋಗಿ ಜನರಿಗೆ ಆಕಾಶದ ಸಂಗತಿ ತೋರಿಸುವ ಕೆಲಸ. ಮೊದಲ ಕಾರ್ಯಕ್ರಮ ತವರೂರಲ್ಲೇ ಆಗಲಿ ಎಂದು ಶಿರವಾಳಕ್ಕೆ ಬಂದಿದ್ದರು.

ವರ್ಷದಲ್ಲಿ ಎರಡು ಸಲ ಸೂರ್ಯ ನಮ್ಮ ಕಡೆ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತದ್ದರ ನೆರಳು ಕ್ಷಣಕಾಲ ಸುತ್ತ ಎಲ್ಲೂ ಕಾಣದು. ಎರಡನೆಯದು ಮೋಡದ ಆಗಸ್ಟಿನಲ್ಲಿ. ಇವತ್ತು ತಪ್ಪಿದರೆ ಮುಂದಿನ ಬೇಸಿಗೆಯೇ. ಟೀಚರು ಬೆಳಿಗ್ಗೆಯೇ ಅಂಗಳದಲ್ಲಿ ಸಮನಾಗಿದ್ದ ಒಂದೇ ಹಾಸುಗಲ್ಲು ಹುಡುಕಿ, ಅದರ ಮೇಲೆ ಪಂಪ್‌ಸೆಟ್ಟಿನ ಪೈಪಿನ ತುಂಡು ನಿಲ್ಲಿಸಿ, ರೊಟ್ಟಿ ಉಣ್ಣಲು ಅವ್ವನ ಮನೆಗೆ ಹೋದರು.

ತಿರುಗಿ ಬರುವಷ್ಟರಲ್ಲಿ ಆ ಕಲ್ಲಿನ ಮೇಲೆಯೇ ಪೆಂಡಾಲ್ ಎದ್ದಿತ್ತು. ಊರ ಮಗಳನ್ನು ಬಿಸಿಲಲ್ಲಿ ನಿಲ್ಲಿಸಿ ಸನ್ಮಾನ ಮಾಡುವುದುಂಟೇ? ಶಾಲು ಹೊದಿಸಿ, ಕುರ್ಚಿಯಲ್ಲಿ ಕೂರಿಸಿ, ಊರ ಗೌಡರು ಮೈಕ್ ಹಿಡಿದರು.

"ಯಾವ ದೇಶಕ್ಕ ರಾಯಭಾರಿ ಆಗೀಯವಾ ತಂಗಿ?"

"ಸೂರ್ಯನ ಕಡಿಂದ ನಮ್ಮೂರಿಗೆ ಬಂದೇನಿ ಕಾಕಾ. ಅವನ್ನ ನೀವು ಒಳಗ ಬಿಟ್ಟಿಲ್ಲ ನೋಡ್ರಿ."

ಜನ ನಕ್ಕರು. ಗೌಡರೂ ನಕ್ಕು ಭಾಷಣ ಮುಂದುವರಿಸಿದರು. ಟೀಚರು ಗಡಿಯಾರ ನೋಡಿಕೊಂಡರು, ಮುಖ ಬಾಡಿತು. ಸನ್ಮಾನದ ನಡುವೆ ಯಾರೂ ಏಳುವುದಿಲ್ಲ. ಅವರು ಎದ್ದರು.

"ಕಾಕಾ, ಹೊತ್ತು ಮೀರಾಕತ್ತೈತಿ. ಪೆಂಡಾಲ್ ಬಿಚ್ಚಸ್ರಿ."

"ಗೌಡ್ರು ಹೇಳ್ಲಾರದ ಹಗ್ಗಕ್ಕ ಕೈ ಹಚ್ಚಂಗಿಲ್ರಿ ಅಕ್ಕಾರ," ಎಂದ ಪೆಂಡಾಲಿನವ.

ಊರೆಲ್ಲ ಗೌಡರ ಮುಖ ನೋಡುತ್ತಿತ್ತು. ಅವರು ಮೈಕಿನಲ್ಲೇ ಗದರಿದರು: "ಏನ್ ನೋಡ್ತೀಯಲೇ, ಬಿಚ್ಚು! ಸೂರ್ಯಪ್ಪನ್ನ ಹೊರಗ ನಿಲ್ಸಿ ಊರ ಮರ್ಯಾದಿ ಕಳಿತೀ ಏನು?"

"ಕಟ್ಟು ಅಂದವ್ರು ನೀವ ಅಲ್ರೀ!" ಎನ್ನುತ್ತಲೇ ಅವನು ಹಗ್ಗಕ್ಕೆ ಹಾರಿದ. ನನ್ನ ಗಳದ ಗಂಟನ್ನು ನಾನು ಬಿಚ್ಚಿದೆ. ಬಟ್ಟೆ ಜಾರಿತು, ಬಿಸಿಲು ಸುರಿಯಿತು.

ಪೈಪಿನ ಬುಡದಲ್ಲಿ ನೂಲಿನಷ್ಟು ನೆರಳು ಇನ್ನೂ ಇತ್ತು. ನೋಡುತ್ತಿದ್ದಂತೆ ಅದೂ ಹೋಯಿತು. ನಾನು ನನ್ನ ಸುತ್ತ ನೋಡಿಕೊಂಡೆ. ಪಾದಗಳ ಬಳಿ ಒಂದಿಷ್ಟು ಕಪ್ಪು, ಅದರಾಚೆ ಏನೂ ಇಲ್ಲ. ಕಾರಣವೆಲ್ಲ ಗೊತ್ತಿದ್ದೂ ಹಿಂದೆ ತಿರುಗಿ ಹುಡುಕಿದೆ.

"ನನ್ನ ನೆರಳೆಲ್ಲಿ ಹೋತವಾ?" ಗೌಡರ ದನಿ ಸಣ್ಣದಾಗಿತ್ತು.

"ತುಳಕೊಂಡು ನಿಂತೀರಲ್ಲ ಕಾಕಾ!"

ಗೌಡರು ಮೆಲ್ಲಗೆ ಒಂದು ಕಾಲೆತ್ತಿ ನೋಡಿದರು. ಅಲ್ಲಿತ್ತು. ಅಂಗಳವೆಲ್ಲ ಗೊಳ್ಳೆಂದಿತು. ಟೀಚರು ಆಗ ಕುರ್ಚಿಯಲ್ಲಿ ಕುಸಿದು, ಶಾಲಿನಿಂದಲೇ ಕಣ್ಣೊರೆಸಿಕೊಂಡು ನಕ್ಕರು.

ಕಂಡವರು ಇನ್ನೂ ಇದ್ದಾರೆ. ಗೌಡರು ಇದ್ದಾರೆ, ಈಗ ಕೋಲೂರಿ ನಡೆಯುತ್ತಾರೆ. ಪೆಂಡಾಲಿನವ ದೋರನಹಳ್ಳಿಯಲ್ಲಿದ್ದಾನೆ. ಗುಡಿಯ ಮೆಟ್ಟಿಲ ಮೇಲೆ ಕೂತು ಮಗಳ ಕಡೆಗೇ ನೋಡುತ್ತಿದ್ದ ಟೀಚರ ಅವ್ವನೂ ಇದ್ದಾಳೆ. ನೆರಳು ಹೋದದ್ದು ಮಾತ್ರ ತಾನು ನೋಡಲೇ ಇಲ್ಲ ಅನ್ನುತ್ತಾಳೆ.